ಮಗುವಿನ ಜೀವನಾಂಶ: ಅರ್ಜಿ ಎಲ್ಲಿ ಹಾಕಬೇಕು, ವಕೀಲರನ್ನು ಹೇಗೆ ಹುಡುಕಬೇಕು?

ಗಂಡ ಹೆಂಡತಿ ಬೇರೆ ಬೇರೆ ಮನೆಗಳಲ್ಲಿ ಇರತೊಡಗಿದರೆ ಮೊದಲು ಎದುರಾಗುವ ಪ್ರಶ್ನೆ ಮಗುವಿನ ಖರ್ಚಿನದು. ಶಾಲೆಯ ಫೀಸು ಯಾರು ಕಟ್ಟಬೇಕು? ಜ್ವರ ಬಂದರೆ ಆಸ್ಪತ್ರೆಯ ಬಿಲ್ಲು ಯಾರದು? ಮೈಸೂರಿನ ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು, ಗೋಕುಲಂ ಕಡೆಯ ಮನೆಗಳಿಗೂ ಇದು ಹೊಸ ಪ್ರಶ್ನೆಯಲ್ಲ. ಮಗಳು ಮಗುವನ್ನು ಕರೆದುಕೊಂಡು ತವರಿಗೆ ಬಂದಿರುತ್ತಾಳೆ. ಅಳಿಯ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ. ‘ಇನ್ನೂ ಸ್ವಲ್ಪ ದಿನ ನೋಡೋಣ, ಸರಿಹೋದೀತು’ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ.

ರಾಜಿಯ ಪ್ರಯತ್ನ ಖಂಡಿತ ನಡೆಯಲಿ. ಆದರೆ ಕೋರ್ಟು ಜೀವನಾಂಶವನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ ನೀವು ಅರ್ಜಿ ಹಾಕಿದ ದಿನದಿಂದ. ಅದಕ್ಕೂ ಹಿಂದೆ ಕಾದು ಕಳೆದ ತಿಂಗಳುಗಳ ಖರ್ಚು ಕೈಗೆ ಬರುವುದು ಕಷ್ಟ. ಅರ್ಜಿ ಹಾಕಿದ ಮೇಲೂ ರಾಜಿಗೆ ದಾರಿ ತೆರೆದೇ ಇರುತ್ತದೆ. ಅದಕ್ಕಾಗಿಯೇ ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಎಷ್ಟು ಖರ್ಚಾಗುತ್ತದೆ, ಯಾರ ಸಹಾಯ ಸಿಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಜೀವನಾಂಶ ಎಂದರೇನು?

ಜೀವನಾಂಶ ಎಂದರೆ ತನ್ನನ್ನು ತಾನು ಸಾಕಿಕೊಳ್ಳಲಾಗದವರ ಊಟ, ಬಟ್ಟೆ, ವಸತಿ, ಓದು, ಔಷಧಿಗಾಗಿ ಕೊಡಬೇಕಾದ ಹಣ. ಕೋರ್ಟಿನ ಕಾಗದಗಳಲ್ಲಿ ಇದನ್ನು ‘ಮೇಂಟೆನೆನ್ಸ್’ ಎನ್ನುತ್ತಾರೆ. ಹೆಂಡತಿಯ ಜೀವನಾಂಶ ಬೇರೆ, ಮಗುವಿನದು ಬೇರೆ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಬಹುದು. ಆದರೆ ಮಗುವಿನ ಹಣ ಮಗುವಿನ ಹಕ್ಕು. ತಾಯಿ ದುಡಿಯುತ್ತಿದ್ದಾಳೆ ಎಂಬ ಕಾರಣಕ್ಕೆ ತಂದೆಯ ಹೊಣೆ ಕಳೆದುಹೋಗುವುದಿಲ್ಲ. ತಾಯಿ ರಾಜಿಯಲ್ಲಿ ‘ನನಗೇನೂ ಬೇಡ’ ಎಂದು ಸಹಿ ಹಾಕಿದರೂ ಮಗುವಿನ ಹಕ್ಕನ್ನು ಆ ಸಹಿ ಅಳಿಸುವುದಿಲ್ಲ.

ಯಾವ ಕಾನೂನು ಅನ್ವಯಿಸುತ್ತದೆ?

ಎಲ್ಲ ಧರ್ಮದವರಿಗೂ ಅನ್ವಯಿಸುವ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್, ಅಂದರೆ 144ನೇ ಕಲಂ. 2024ರ ಜುಲೈ 1ಕ್ಕೆ ಮುಂಚೆ ಇದೇ ವಿಷಯ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿ.ಆರ್.ಪಿ.ಸಿ.ಯ 125ನೇ ಸೆಕ್ಷನ್‌ನಲ್ಲಿತ್ತು. ಹಿರಿಯ ವಕೀಲರು ಈಗಲೂ ಅಭ್ಯಾಸಬಲದಿಂದ ‘ಒನ್ ಟ್ವೆಂಟಿಫೈವ್ ಹಾಕೋಣ’ ಎನ್ನಬಹುದು. ಗಾಬರಿ ಬೇಡ, ಎರಡೂ ಒಂದೇ ಹಾದಿ. ಮದುವೆ ಕಾನೂನಿನ ಪ್ರಕಾರ ಆಗಿರಲಿ, ಆಗದಿರಲಿ, ಮಗುವಿಗೆ ಇಲ್ಲಿ ಹಕ್ಕಿದೆ.

ಹಿಂದೂ ಕುಟುಂಬಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ಇದೆ. ಅದರ 20ನೇ ಸೆಕ್ಷನ್ ತಂದೆ, ತಾಯಿ ಇಬ್ಬರ ಮೇಲೂ ಹೊಣೆ ಹೊರಿಸುತ್ತದೆ. ಮಗು ತಂದೆಯ ಬಳಿ ಬೆಳೆಯುತ್ತಿದ್ದು ತಾಯಿಗೆ ಒಳ್ಳೆಯ ಸಂಬಳವಿದ್ದರೆ, ತಾಯಿಯಿಂದಲೂ ಕೇಳಬಹುದು. ವಿಚ್ಛೇದನದ ಕೇಸು ನಡೆಯುತ್ತಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅಡಿಯಲ್ಲಿ ಅದೇ ಕೋರ್ಟಿನಲ್ಲಿ ಮಗುವಿನ ಪಾಲನೆ, ಓದು, ಖರ್ಚುಗಳ ಆದೇಶ ಪಡೆಯಬಹುದು. ರಿಜಿಸ್ಟರ್ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ ಇಂಥದ್ದೇ ಅವಕಾಶಗಳಿವೆ. ಮುಸ್ಲಿಂ ಪೋಷಕರ ಮಕ್ಕಳು ವಯಸ್ಸಿಗೆ ಬರುವವರೆಗೆ ಸಾಮಾನ್ಯ ಕಾನೂನಿನಡಿಯೇ ಜೀವನಾಂಶ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ.

ಮನೆಯಲ್ಲಿ ಹೊಡೆತ, ಬೈಗುಳ, ಹಣ ಕೊಡದೆ ಸತಾಯಿಸುವುದು ಇದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿಯೂ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಅಲ್ಲಿ ರಕ್ಷಣೆಯ ಆದೇಶ, ಇರಲು ಮನೆ, ಮಕ್ಕಳ ಖರ್ಚು ಮೂರನ್ನೂ ಒಟ್ಟಿಗೆ ಕೇಳಬಹುದು. ಇದಕ್ಕೆ ವಿಚ್ಛೇದನ ಆಗಿರಬೇಕೆಂದಿಲ್ಲ. 144ನೇ ಸೆಕ್ಷನ್‌ಗೂ ಆಗಿರಬೇಕಿಲ್ಲ.

ಒಂದು ಎಚ್ಚರ. ಎರಡು ಕಾಯ್ದೆಗಳಡಿ ಅರ್ಜಿ ಹಾಕಿದರೆ ಎರಡು ಪಟ್ಟು ಹಣ ಬರುವುದಿಲ್ಲ. ಒಂದು ಕೋರ್ಟು ಕೊಟ್ಟ ಮೊತ್ತವನ್ನು ಇನ್ನೊಂದು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೊದಲಿನ ಆದೇಶವನ್ನು ಮುಚ್ಚಿಡದೆ ತಿಳಿಸುವುದು ಅರ್ಜಿದಾರರ ಕರ್ತವ್ಯ.

ಎಷ್ಟು ವಯಸ್ಸಿನವರೆಗೆ?

ಸಾಮಾನ್ಯವಾಗಿ 18 ವರ್ಷದವರೆಗೆ. ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯದಿಂದ ತನ್ನ ಕಾಲ ಮೇಲೆ ನಿಲ್ಲಲಾಗದ ಮಗುವಿಗೆ 18 ದಾಟಿದ ಮೇಲೂ ಹಕ್ಕು ಉಳಿಯುತ್ತದೆ. ಮದುವೆಯಾಗದ, ಸ್ವಂತ ಆದಾಯವಿಲ್ಲದ ಹಿಂದೂ ಮಗಳು 18ರ ನಂತರವೂ 1956ರ ಕಾಯ್ದೆಯಡಿ ಕೇಳಬಹುದು. ಇದನ್ನು ಸುಪ್ರೀಂ ಕೋರ್ಟ್ 2020ರ ಅಭಿಲಾಷಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಮಗನ ಎಂಜಿನಿಯರಿಂಗ್ ಫೀಸು? 18 ತುಂಬಿದ ಆರೋಗ್ಯವಂತ ಮಗನಿಗೆ ಹಕ್ಕಿನ ದಾರಿ ಕಿರಿದು. ಆದ್ದರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಮಾಡಿಕೊಳ್ಳುವವರು ಕಾಲೇಜಿನ ಖರ್ಚು ಯಾರು, ಎಷ್ಟು, ಯಾವ ವರ್ಷದವರೆಗೆ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಮಗನಿಗೆ ಈಗ ಆರು ವರ್ಷವಿದ್ದರೂ ಬರೆಸಿ.

ಎಷ್ಟು ಹಣ ಸಿಗುತ್ತದೆ?

‘ಸಂಬಳದ ಕಾಲು ಭಾಗ ಬಂದೇ ಬರುತ್ತದಂತೆ’ ಎಂಬ ಮಾತನ್ನು ನೀವು ಕೇಳಿರಬಹುದು. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇಕಡಾ 25ರ ಮಾತು ಆಡಿದ್ದು ನಿಜ. ಆದರೆ ಅದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ. ಕಾನೂನಿನಲ್ಲಿ ಇಂತಿಷ್ಟೇ ಎಂದು ಬರೆದಿಲ್ಲ. ಹಿಂದೆ 125ನೇ ಸೆಕ್ಷನ್‌ನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು. 2001ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು.

ಈಗ ಕೋರ್ಟು ನೋಡುವುದು ಎರಡು ಕಡೆಯ ಆದಾಯ, ಆಸ್ತಿ, ಸಾಲ, ಇತರ ಹೊಣೆಗಳು, ಮಗುವಿನ ನಿಜವಾದ ಅಗತ್ಯ, ಮತ್ತು ಕುಟುಂಬ ಒಟ್ಟಿಗಿದ್ದಾಗಿನ ಜೀವನಮಟ್ಟ. 2020ರ ನವೆಂಬರ್ 4ರಂದು ಬಂದ ‘ರಜನೀಶ್ ವಿರುದ್ಧ ನೇಹಾ’ ತೀರ್ಪು ಇದಕ್ಕೆ ದೇಶದಾದ್ಯಂತ ಒಂದೇ ಕ್ರಮವನ್ನು ಹಾಕಿಕೊಟ್ಟಿತು. ಮಗುವಿನ ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆ ಭರಿಸಬೇಕು, ತಾಯಿಗೂ ಸಾಕಷ್ಟು ಆದಾಯವಿದ್ದರೆ ಅವರವರ ಆದಾಯಕ್ಕೆ ತಕ್ಕಂತೆ ಹಂಚಬಹುದು ಎಂದು ಅದು ಹೇಳುತ್ತದೆ.

ಅರ್ಥವಾಗಲೆಂದು ಒಂದು ಲೆಕ್ಕ ಮಾಡೋಣ. ತಂದೆಯ ಸಂಬಳ 60,000 ರೂಪಾಯಿ, ತಾಯಿಯದು 20,000 ಎಂದುಕೊಳ್ಳಿ. ಮಗುವಿನ ತಿಂಗಳ ಖರ್ಚು 16,000. ಆದಾಯದ ಪ್ರಮಾಣ ಮೂರಕ್ಕೆ ಒಂದು. ಆಗ ತಂದೆಯ ಪಾಲು 12,000, ತಾಯಿಯ ಪಾಲು 4,000 ಆಗುತ್ತದೆ. ಕೋರ್ಟು ಇದೇ ಲೆಕ್ಕ ಹಾಕುತ್ತದೆ ಎಂದಲ್ಲ. ಮಗುವಿನ ಖರ್ಚಿನ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಇಂಥ ಲೆಕ್ಕ ಸಾಧ್ಯ ಎಂಬುದನ್ನು ಗಮನಿಸಿ. ಫೀಸು, ಶಾಲೆಯ ವ್ಯಾನು, ಯೂನಿಫಾರ್ಮು, ಪುಸ್ತಕ, ಟ್ಯೂಷನ್ನು, ಹಾಲು, ಔಷಧಿ, ಬಾಡಿಗೆಯಲ್ಲಿ ಮಗುವಿನ ಪಾಲು ಎಲ್ಲವನ್ನೂ ಬರೆದಿಡಿ. ರಸೀದಿಗಳನ್ನು ಒಂದು ಫೈಲಿನಲ್ಲಿ ಕೂಡಿಡಿ.

‘ನನಗೆ ಕೆಲಸವೇ ಇಲ್ಲ’ ಎಂದು ಎದುರು ಪಕ್ಷದವರು ಹೇಳಿದರೆ? ಗಟ್ಟಿಮುಟ್ಟಾಗಿರುವವರು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 2022ರ ಅಂಜು ಗರ್ಗ್ ಪ್ರಕರಣದಲ್ಲಿ ಹೇಳಿದೆ. ಕೆಲಸ ಬಿಟ್ಟ ಮಾತ್ರಕ್ಕೆ ಹೊಣೆ ಬಿಡುವುದಿಲ್ಲ.

ಅರ್ಜಿ ಎಲ್ಲಿ ಹಾಕಬೇಕು?

ಗಂಡ ಇರುವ ಊರಿಗೇ ಹೋಗಬೇಕಿಲ್ಲ. ಅವರು ಇರುವ ಜಿಲ್ಲೆ, ಹೆಂಡತಿ ವಾಸಿಸುವ ಜಿಲ್ಲೆ, ಇಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಜಿಲ್ಲೆ, ಈ ಯಾವುದರಲ್ಲಾದರೂ 144ರ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಸಂಸಾರ ಮಾಡಿ ಈಗ ಜಯಲಕ್ಷ್ಮಿಪುರಂನ ತವರಿನಲ್ಲಿರುವ ತಾಯಿ ಮೈಸೂರಿನಲ್ಲೇ ಅರ್ಜಿ ಸಲ್ಲಿಸಬಹುದು.

ಮೈಸೂರು ನಗರದಲ್ಲಿ ಇದಕ್ಕೆ ಕೌಟುಂಬಿಕ ನ್ಯಾಯಾಲಯ, ಅಂದರೆ ಫ್ಯಾಮಿಲಿ ಕೋರ್ಟ್ ಇದೆ. 1984ರ ಕಾಯ್ದೆಯಂತೆ ನಡೆಯುವ ಈ ಕೋರ್ಟು ಮೊದಲು ರಾಜಿಗೆ ಪ್ರಯತ್ನಿಸುತ್ತದೆ. ನಗರದ ಕೋರ್ಟುಗಳೆಲ್ಲ ಒಂದೇ ಕಡೆ ಇಲ್ಲ. ಚಾಮರಾಜಪುರಂನಲ್ಲಿ ಹಳೆಯ ಸಂಕೀರ್ಣವಿದೆ, ಜಯನಗರದ ಮಳಲವಾಡಿಯಲ್ಲಿ ಹೊಸದಿದೆ. ಹೊರಡುವ ಮುಂಚೆ ನಿಮ್ಮ ಕೇಸು ಯಾವ ಕಟ್ಟಡದಲ್ಲಿ, ಯಾವ ಹಾಲ್‌ನಲ್ಲಿ ಎಂದು ಕೇಳಿಕೊಳ್ಳಿ. ನಂಜನಗೂಡು, ಹುಣಸೂರಿನಂಥ ತಾಲ್ಲೂಕುಗಳಲ್ಲಿರುವವರು ಯಾವ ಕೋರ್ಟಿಗೆ ಹೋಗಬೇಕೆಂದು ಆಯಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು.

ಪೊಲೀಸ್ ಠಾಣೆಗೆ ಹೋದರೆ ಆಗದೇ ಎಂದು ಹಲವರು ಕೇಳುತ್ತಾರೆ. ಹಿಂಸೆ, ಬೆದರಿಕೆ ಇದ್ದರೆ ಠಾಣೆಗೆ ಹೋಗಲೇಬೇಕು. ಆದರೆ ಜೀವನಾಂಶದ ಮೊತ್ತವನ್ನು ಪೊಲೀಸರು ನಿಗದಿ ಮಾಡುವಂತಿಲ್ಲ. ಠಾಣೆಯಲ್ಲಿ ಹಿರಿಯರ ಮುಂದೆ ಬರೆದುಕೊಟ್ಟ ಮುಚ್ಚಳಿಕೆಗೆ ಕೋರ್ಟಿನ ಆದೇಶದ ಬಲ ಇರುವುದಿಲ್ಲ.

ಕೋರ್ಟಿನಲ್ಲಿ ಏನೇನು ನಡೆಯುತ್ತದೆ?

ಮೊದಲು ಅರ್ಜಿ ಸಲ್ಲಿಕೆ. ಮದುವೆಯ ಫೋಟೊ ಅಥವಾ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ರಸೀದಿಗಳು, ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಬೇಕಾಗುತ್ತವೆ. ಎದುರು ಪಕ್ಷದವರ ಆದಾಯದ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಕಂಪನಿಯ ಹೆಸರು, ಹುದ್ದೆ, ವಾಹನ, ಬಾಡಿಗೆ ಬರುವ ಮನೆ. ಜಮೀನಿದ್ದರೆ ಸರ್ವೆ ನಂಬರ್ ತಿಳಿದುಕೊಂಡು ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಬಹುದು.

ಜೊತೆಗೆ ಆಸ್ತಿ ಮತ್ತು ಹೊಣೆಗಳ ಅಫಿಡವಿಟ್ ಕೊಡಬೇಕು. ಅಫಿಡವಿಟ್ ಎಂದರೆ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ. ‘ರಜನೀಶ್ ವಿರುದ್ಧ ನೇಹಾ’ ತೀರ್ಪಿನ ಪ್ರಕಾರ ಇದನ್ನು ಇಬ್ಬರೂ ಕೊಡಬೇಕು. ನಿಮ್ಮ ಆದಾಯವನ್ನು ಕಡಿಮೆ ಮಾಡಿ ಬರೆಯಬೇಡಿ. ಸುಳ್ಳು ಬಯಲಾದರೆ ನಿಮ್ಮ ನಿಜವಾದ ಮಾತನ್ನೂ ಕೋರ್ಟು ಅನುಮಾನದಿಂದ ನೋಡುತ್ತದೆ.

ನಂತರ ಎದುರು ಪಕ್ಷದವರಿಗೆ ನೋಟಿಸು ಹೋಗುತ್ತದೆ. ವಿಳಾಸ ಸರಿಯಿಲ್ಲದಿದ್ದರೆ ಕೇಸು ಇಲ್ಲೇ ನಿಂತುಬಿಡುತ್ತದೆ. ಮನೆಯ ವಿಳಾಸದ ಜೊತೆ ಆಫೀಸಿನ ವಿಳಾಸವನ್ನೂ ಕೊಡಿ.

ಮುಂದಿನದು ಮಧ್ಯಂತರ ಜೀವನಾಂಶ. ಕೇಸು ಮುಗಿಯುವವರೆಗೆ ಮಗುವಿನ ಖರ್ಚು ನಡೆಯಲೆಂದು ಕೊಡಿಸುವ ಹಣ ಇದು. ಇದನ್ನು ಮೊದಲ ದಿನವೇ ಕೇಳಿ. ನೋಟಿಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಅಫಿಡವಿಟ್‌ಗಳು ಬಂದ ನಂತರ ಹೆಚ್ಚೆಂದರೆ ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿದೆ. ವಾಯಿದೆಗಳು ಬಿದ್ದರೆ ತಡವಾಗುತ್ತದೆ. ಆದರೂ ಲೆಕ್ಕ ಅರ್ಜಿಯ ದಿನದಿಂದಲೇ ಎಂಬುದು ನಿಮಗೆ ಆಸರೆ.

ಆಮೇಲೆ ಸಮಾಲೋಚನೆ ಅಥವಾ ಮೀಡಿಯೇಷನ್, ಅಂದರೆ ಮಧ್ಯಸ್ಥಿಕೆ. ಒಪ್ಪಂದವಾದರೆ ಕೋರ್ಟಿನಲ್ಲೇ ದಾಖಲಾಗಲಿ. ಒಪ್ಪಂದ ಆಗದಿದ್ದರೆ ಸಾಕ್ಷ್ಯ, ಪಾಟೀ ಸವಾಲು, ವಾದ, ಕೊನೆಗೆ ಆದೇಶ. ಫ್ಯಾಮಿಲಿ ಕೋರ್ಟಿನ ಈ ಆದೇಶದ ಬಗ್ಗೆ ತಕರಾರಿದ್ದರೆ ಹೈಕೋರ್ಟಿನಲ್ಲಿ ಪುನರ್‌ಪರಿಶೀಲನೆ ಕೇಳಬಹುದು. ವರ್ಷಗಳು ಕಳೆದು ಫೀಸು ಏರಿದರೆ, ಅಥವಾ ಕೊಡುವವರ ಆದಾಯ ಬದಲಾದರೆ, ಮೊತ್ತ ಬದಲಿಸಲು ಅದೇ ಕೋರ್ಟಿಗೆ 146ನೇ ಸೆಕ್ಷನ್ ಅಡಿ ಹೋಗಬಹುದು.

ಕೇಸು ಎಲ್ಲಿಗೆ ಬಂತು ಎಂದು ಮೊಬೈಲಿನಲ್ಲೇ ನೋಡಬಹುದು. ‘ಇ-ಕೋರ್ಟ್ಸ್’ ಆ್ಯಪ್‌ನಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ. ಆ ಸಂಖ್ಯೆಯನ್ನು ವಕೀಲರಿಂದ ಕೇಳಿ ಪಡೆಯಿರಿ.

ಆದೇಶವಾದರೂ ಹಣ ಕೊಡದಿದ್ದರೆ?

ಆದೇಶ ಬಂದ ಮೇಲೂ ಹಣ ಬಾರದಿದ್ದರೆ ಕೈಕಟ್ಟಿ ಕೂರಬೇಡಿ. ಬಾಕಿ ವಸೂಲಿಗೆ ಬೇರೆ ಅರ್ಜಿ ಹಾಕಬೇಕು. ಕೋರ್ಟು ವಾರಂಟ್ ಹೊರಡಿಸಬಹುದು. ಕೊಡದೆ ಉಳಿಸಿಕೊಂಡ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿಬಂದರೂ ಸಾಲ ತೀರುವುದಿಲ್ಲ, ಹಣ ಕೊಡಲೇಬೇಕು.

ಇಲ್ಲೊಂದು ಗಡುವಿದೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಈ ಅರ್ಜಿ ಹಾಕಬೇಕು. ‘ಮುಂದಿನ ತಿಂಗಳು ಕೊಡ್ತೀನಿ’ ಎಂಬ ಮಾತನ್ನು ನಂಬಿ ಎರಡು ವರ್ಷ ಕಾದರೆ ಈ ದಾರಿಯಲ್ಲಿ ಹಳೆಯ ಬಾಕಿ ಕೈತಪ್ಪುತ್ತದೆ. ಹಣ ನಗದಾಗಿ ಬೇಡ, ಬ್ಯಾಂಕ್ ಖಾತೆಗೇ ಬರಲಿ. ಯಾವ ತಿಂಗಳು ಬಂತು, ಯಾವುದು ಬರಲಿಲ್ಲ ಎಂಬುದಕ್ಕೆ ಆ ದಾಖಲೆಯೇ ಸಾಕ್ಷಿ.

ಇನ್ನೊಂದು ಸಂದೇಹವೂ ಸಾಮಾನ್ಯ. ಹಣ ಕೊಡದವರಿಗೆ ಮಗುವನ್ನು ತೋರಿಸಬೇಕೇ? ಜೀವನಾಂಶ ಮತ್ತು ಭೇಟಿ ಬೇರೆ ಬೇರೆ ವಿಷಯಗಳು. ಹಣ ಬರಲಿಲ್ಲವೆಂದು ಕೋರ್ಟು ಆದೇಶಿಸಿದ ಭೇಟಿಯನ್ನು ನೀವಾಗಿ ತಡೆಯಬೇಡಿ. ಭೇಟಿಗೆ ಬಿಡಲಿಲ್ಲವೆಂದು ಅವರು ಹಣ ನಿಲ್ಲಿಸುವುದೂ ತಪ್ಪು. ಎರಡಕ್ಕೂ ಕೋರ್ಟನ್ನೇ ಕೇಳಬೇಕು.

ವಕೀಲರ ಸಹಾಯ: ಉಚಿತವಾಗಿ ಸಿಗುವುದು

ಇದು ಬಹಳ ಮಂದಿಗೆ ತಿಳಿಯದ ವಿಷಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಎಲ್ಲ ಮಹಿಳೆಯರಿಗೂ, ಎಲ್ಲ ಮಕ್ಕಳಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಇದಕ್ಕೆ ಆದಾಯದ ಮಿತಿ ಇಲ್ಲ. ನೀವು ಕೆಲಸದಲ್ಲಿದ್ದರೂ ಸರಿ, ತವರಿನವರು ಸ್ಥಿತಿವಂತರಾದರೂ ಸರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೂ ಈ ಸೌಲಭ್ಯವಿದೆ. ಹಾಗಾಗಿ ಕೈಯಲ್ಲಿ ಹಣವಿಲ್ಲದ ತಂದೆಯೂ ಕೇಳಬಹುದು.

ಇದಕ್ಕಾಗಿ ಮೈಸೂರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿ. 15100 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿದರೆ ಎಲ್ಲಿಗೆ, ಯಾವಾಗ ಹೋಗಬೇಕೆಂದು ತಿಳಿಸುತ್ತಾರೆ. ಬಿಳಿ ಹಾಳೆಯಲ್ಲಿ ನಿಮ್ಮ ಕಷ್ಟವನ್ನು ಬರೆದು, ಗುರುತಿನ ಚೀಟಿಯ ಪ್ರತಿ ಇಟ್ಟು ಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅಲ್ಲಿಯೇ ಬರೆದುಕೊಳ್ಳುತ್ತಾರೆ. ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರನ್ನು ನೇಮಿಸುತ್ತಾರೆ. ಅವರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ, ಅಥವಾ ಕೇಸನ್ನು ಸರಿಯಾಗಿ ನಡೆಸದಿದ್ದರೆ, ಪ್ರಾಧಿಕಾರಕ್ಕೆ ಬರೆದುಕೊಟ್ಟು ಬೇರೆ ವಕೀಲರನ್ನು ಕೋರಿ.

ಹಿಂಸೆಯ ಪ್ರಕರಣವಾದರೆ 181 ಮಹಿಳಾ ಸಹಾಯವಾಣಿ ಇದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಸಿ.ಡಿ.ಪಿ.ಒ.ಗಳು, ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಗಳೂ ಹೌದು. ಅವರ ಮೂಲಕವೇ ಕೋರ್ಟಿಗೆ ಹೋಗಬಹುದು. ನಿಮ್ಮ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ.

ಖಾಸಗಿ ವಕೀಲರನ್ನು ಹುಡುಕುವುದು

ಸ್ವಂತ ವಕೀಲರೇ ಬೇಕೆಂದರೆ, ಇಂಥ ಕೇಸು ನಡೆಸಿದ ಪರಿಚಯದವರನ್ನು ಮೊದಲು ಕೇಳಿ. ವಕೀಲರ ಸಂಘದಲ್ಲೂ ವಿಚಾರಿಸಬಹುದು. ಆಸ್ತಿ ವ್ಯಾಜ್ಯದಲ್ಲಿ ಹೆಸರಾದವರಿಗಿಂತ ಮೈಸೂರಿನ ಫ್ಯಾಮಿಲಿ ಕೋರ್ಟಿನಲ್ಲಿ ನಿತ್ಯ ಓಡಾಡುವವರು ಈ ಕೆಲಸಕ್ಕೆ ಹೆಚ್ಚು ಅನುಕೂಲ. ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರಿಲ್ಲದೆ ನೀವೇ ಮಾತಾಡಬಹುದು. ವಕೀಲರನ್ನು ಇಟ್ಟುಕೊಳ್ಳಲು ಕೋರ್ಟಿನ ಅನುಮತಿ ಬೇಕು, ಅದಕ್ಕೆ ಬೇಕಾದ ಕಾಗದವನ್ನು ವಕೀಲರೇ ಹಾಕುತ್ತಾರೆ.

ಮೊದಲ ಭೇಟಿಯಲ್ಲೇ ನಾಲ್ಕು ಪ್ರಶ್ನೆ ಕೇಳಿ.

1. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಮೊದಲ ದಿನವೇ ಹಾಕುತ್ತೀರಾ?
2. ವಾಯಿದೆಯ ದಿನ ನೀವೇ ಬರುತ್ತೀರಾ, ಜೂನಿಯರ್‌ಗಳು ಬರುತ್ತಾರಾ?
3. ಒಟ್ಟು ಫೀಸು ಎಷ್ಟು? ಯಾವ ಹಂತದಲ್ಲಿ ಎಷ್ಟು ಕೊಡಬೇಕು?
4. ಆದೇಶವಾದ ಮೇಲೆ ಬಾಕಿ ವಸೂಲಿ ಅರ್ಜಿಗೆ ಬೇರೆ ಫೀಸು ಇದೆಯೇ?

ಈ ಅರ್ಜಿಯ ಕೋರ್ಟ್ ಶುಲ್ಕ ತೀರಾ ಅಲ್ಪ. ಟೈಪಿಂಗ್, ನೋಟರಿ, ಜೆರಾಕ್ಸ್ ಖರ್ಚು ಸ್ವಲ್ಪ ಬರುತ್ತದೆ. ದೊಡ್ಡ ಖರ್ಚು ವಕೀಲರ ಫೀಸು. ಅದು ವಕೀಲರಿಂದ ವಕೀಲರಿಗೆ ಬಹಳ ಬದಲಾಗುತ್ತದೆ. ಹಾಗಾಗಿ ಇಬ್ಬರು ಮೂವರನ್ನು ಕೇಳಿ, ಮಾತಾದದ್ದನ್ನು ಬರೆಸಿಕೊಂಡು, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ‘ಬರುವ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸಿವೆ. ಜಾಹೀರಾತು ಕೊಡುವುದನ್ನೂ, ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದನ್ನೂ ಆ ನಿಯಮಗಳು ಒಪ್ಪುವುದಿಲ್ಲ. ಕೋರ್ಟಿನ ಗೇಟಿನಲ್ಲಿ ‘ಬನ್ನಿ ಮೇಡಂ, ಎಲ್ಲಾ ಮಾಡಿಸಿಕೊಡ್ತೀವಿ’ ಎನ್ನುವವರ ಹಿಂದೆ ಹೋಗಬೇಡಿ.

ವಕಾಲತ್ತು ಎಂದರೆ ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರ. ಅದನ್ನು ಓದಿ, ಅಥವಾ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡ. ಮೂಲ ದಾಖಲೆಗಳನ್ನು ನಿಮ್ಮಲ್ಲೇ ಇಟ್ಟುಕೊಂಡು ಪ್ರತಿಗಳನ್ನು ಕೊಡಿ. ಕೋರ್ಟಿಗೆ ಸಲ್ಲಿಸಿದ ಪ್ರತಿಯೊಂದು ಕಾಗದದ ಒಂದು ಪ್ರತಿ ನಿಮ್ಮ ಫೈಲಿನಲ್ಲೂ ಇರಲಿ. ನಡುವೆ ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಗಂಭೀರ ತಪ್ಪು ನಡೆದಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಕೊಡಬೇಕಾದವರಿಗೂ ಒಂದು ಮಾತು

ಇದನ್ನು ಓದುತ್ತಿರುವವರು ಮಗುವಿನಿಂದ ದೂರ ಇರುವ ತಂದೆಯೋ ತಾಯಿಯೋ ಆಗಿದ್ದರೆ, ಕೋರ್ಟಿನ ಆದೇಶಕ್ಕಾಗಿ ಕಾಯಬೇಕಿಲ್ಲ. ನಿಮ್ಮ ಕೈಲಾದಷ್ಟನ್ನು ಈ ತಿಂಗಳಿನಿಂದಲೇ ಬ್ಯಾಂಕ್ ಮೂಲಕ ಕಳಿಸಿ. ‘ಮಗುವಿನ ಖರ್ಚಿಗೆ’ ಎಂದು ನಮೂದಿಸಿ. ಶಾಲೆಯ ಫೀಸನ್ನು ನೇರವಾಗಿ ಕಟ್ಟಿದರೆ ರಸೀದಿ ಇಟ್ಟುಕೊಳ್ಳಿ. ನಾಳೆ ಕೋರ್ಟಿನಲ್ಲಿ ಲೆಕ್ಕ ಹೇಳುವಾಗ ಈ ದಾಖಲೆ ನಿಮ್ಮ ಪರ ನಿಲ್ಲುತ್ತದೆ. ನಿಮ್ಮಿಬ್ಬರ ನಡುವಿನ ತಕರಾರು ತೀರಲು ವರ್ಷಗಳೇ ಬೇಕಾಗಬಹುದು. ಶಾಲೆಯ ಫೀಸಿಗೆ, ಊಟಕ್ಕೆ, ಔಷಧಿಗೆ ಅಷ್ಟು ಕಾಯಲು ಆಗುವುದಿಲ್ಲ.